ಕಾರ್ನ್‌ವಾಲ್‌ನ ಗಣಿ ಕರಾವಳಿ: ಕೆಜಿಎಫ್‌ನಲ್ಲಿ ದುಡಿದ ಅಪ್ಪನಿಗೆ ಏನೇನು ತೋರಿಸಲಿ?

ಚಾಂಪಿಯನ್‌ರೀಫ್ ಮಗಳು

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಗೆ ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ. ನಾವಿರೋದು ಬ್ರಿಸ್ಟಲ್ ಹತ್ತಿರ. ಲಂಡನ್ ಹೇಗೂ ಆಗುತ್ತೆ. ಆದರೆ ನನಗೆ ಅಪ್ಪನನ್ನ ಇಂಗ್ಲೆಂಡಿನ ನೈಋತ್ಯ ತುದಿಗೆ, ಕಾರ್ನ್‌ವಾಲ್‌ನ ಸೇಂಟ್ ಜಸ್ಟ್ ಸುತ್ತಮುತ್ತಲ ಹಳೇ ತವರದ ಗಣಿಗಳ ಕಡೆ ಕರ್ಕೊಂಡು ಹೋಗೋ ಆಸೆ. ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದವರು. ಅಂದ್ರೆ ಶಾಫ್ಟ್‌ನಲ್ಲಿ (ಗಣಿಗೆ ಇಳಿಯೋ ಆಳದ ಬಾವಿಯಲ್ಲಿ) ಜನರ ಕೇಜನ್ನ, ಲಿಫ್ಟಿನಂಥ ಪಂಜರವನ್ನ, ಇಳಿಸಿ ಏರಿಸೋ ಇಂಜಿನ್ ನಡೆಸ್ತಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ ಅಲ್ಲೇ ಇದ್ದರು. ಕಾರ್ನಿಷ್ ಕ್ಯಾಪ್ಟನ್‌ಗಳ (ಕಾರ್ನ್‌ವಾಲ್‌ನಿಂದ ಕೆಜಿಎಫ್‌ಗೆ ಬಂದ ಗಣಿ ಮೇಲ್ವಿಚಾರಕರ) ಕಥೆ ನಮ್ಮ ಮನೇಲಿ ತಾತನ ಕಾಲದಿಂದ ಬಂದದ್ದು. ಆ ಕ್ಯಾಪ್ಟನ್‌ಗಳ ಊರು ಹೇಗಿದೆ ಅಂತ ಅಪ್ಪ ಕಣ್ಣಾರೆ ನೋಡಬೇಕು.

ಕಾರಿದೆ. ಅಮ್ಮನಿಗೆ ಮಂಡಿ ನೋವು, ಹೆಚ್ಚು ಇಳಿಜಾರು ಆಗಲ್ಲ. ಇಬ್ಬರೂ ಸಸ್ಯಾಹಾರಿಗಳು. ಗಣಿಯೊಳಗೆ ಇಳಿಯೋಕೆ ಬಿಡ್ತಾರಾ? ಲ್ಯಾಂಡ್ಸ್ ಎಂಡ್‌ಗೆ ಹೋಗ್ಲೇಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಪೆನ್ವಿತ್ ನಡಿಗೆ

ಮೇಡಂ, ನಿಮ್ಮ ತಂದೆಯವರು ವೈಂಡಿಂಗ್ ಇಂಜಿನ್ ಡ್ರೈವರ್ ಅಂದ ಮೇಲೆ ಮೊದಲು ಹೋಗಬೇಕಾದ್ದು ಲೆವೆಂಟ್ ಗಣಿಗೆ. ಮಿಕ್ಕಿದ್ದೆಲ್ಲ ಆಮೇಲೆ. ಬಂಡೆಯ ಅಂಚಲ್ಲಿ, ಕೆಳಗೆ ಅಟ್ಲಾಂಟಿಕ್ ಮೊರೆಯೋ ಜಾಗದಲ್ಲಿ, ಒಂದು ಪುಟ್ಟ ಕಲ್ಲಿನ ಇಂಜಿನ್ ಮನೆ ಇದೆ. ಒಳಗಿರೋದು 1840ರಲ್ಲಿ ಹೇಲ್ ಊರಿನ ಹಾರ್ವೀಸ್ ಫೌಂಡ್ರಿ ಮಾಡಿದ ಬೀಮ್ ಇಂಜಿನ್, ಅಂದ್ರೆ ದೊಡ್ಡ ತೊಲೆ (ಬೀಮು) ಆಡಿಸೋ ಆವಿ ಇಂಜಿನ್. ನೀರೆತ್ತೋ ಇಂಜಿನ್ ಅಲ್ಲ ಅದು, ಅದಿರು ಎತ್ತೋ ವೈಂಡಿಂಗ್ ಇಂಜಿನ್. ನಿಮ್ಮ ತಂದೆಯವರು ಮಾಡ್ತಿದ್ದ ಕೆಲಸವನ್ನೇ ಆವಿಯಿಂದ ಮಾಡ್ತಿತ್ತು.

1930ರಲ್ಲಿ ಗಣಿ ಮುಚ್ಚಿತು. ಗುಜರಿಗೆ ಹೋಗಬೇಕಿದ್ದ ಇಂಜಿನ್ನನ್ನ ಉಳಿಸೋಕೆ 1935ರಲ್ಲಿ ಸ್ಥಳೀಯರು ಸೇರಿ ಒಂದು ಸಮಿತಿ ಮಾಡಿದರು. ಆಮೇಲೂ ದಶಕಗಟ್ಟಲೆ ಅದು ಉಪ್ಪುಗಾಳಿಗೆ ತುಕ್ಕು ಹಿಡೀತಾ ನಿಂತಿತ್ತು. ಕೊನೆಗೆ ‘ಗ್ರೀಸಿ ಗ್ಯಾಂಗ್’ ಅಂತ ಕರೆಸಿಕೊಂಡ ಸ್ವಯಂಸೇವಕರ ಗುಂಪು, ಹೆಚ್ಚಿನವರು ನಿವೃತ್ತರು, ವರ್ಷಗಟ್ಟಲೆ ಕೂತು ಒಂದೊಂದೇ ಭಾಗ ಬಿಚ್ಚಿ ಉಜ್ಜಿ ಮತ್ತೆ ಓಡೋ ಹಾಗೆ ಮಾಡಿದರು. ಈಗ ಹಳೇ ಸ್ಮಾರಕಗಳನ್ನ ಕಾಯೋ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುತ್ತೆ. ಎಲ್ಲ ದಿನ ಆವಿ ಹಾಕಲ್ಲ. ದಿನ ನೋಡಿಕೊಂಡೇ ಹೋಗಿ. ಸುಮ್ಮನೆ ನಿಂತ ಇಂಜಿನ್ ನೋಡೋದಕ್ಕೂ ಆ ದೊಡ್ಡ ಬೀಮು ಮೇಲೆ ಕೆಳಗೆ ಆಡೋದನ್ನ ನೋಡೋದಕ್ಕೂ ತುಂಬ ವ್ಯತ್ಯಾಸ ಇದೆ.

ಅಲ್ಲೇ ಮನಸ್ಸು ಭಾರ ಆಗೋ ಜಾಗವೂ ಇದೆ. ಲೆವೆಂಟ್‌ನಲ್ಲಿ ಕೆಲಸಗಾರರನ್ನ ಇಳಿಸೋಕೆ ಏರಿಸೋಕೆ ಕೇಜ್ ಇರಲಿಲ್ಲ, ‘ಮ್ಯಾನ್ ಇಂಜಿನ್’ ಇತ್ತು. ಶಾಫ್ಟ್ ಉದ್ದಕ್ಕೂ ಒಂದು ಮರದ ದೂಲ 12 ಅಡಿ ಮೇಲೆ, 12 ಅಡಿ ಕೆಳಗೆ ಆಡ್ತಾನೇ ಇರುತ್ತೆ. ದೂಲಕ್ಕೆ ಮೆಟ್ಟಿಲು, ಪಕ್ಕದ ಗೋಡೆಗೆ ಹಲಗೆ. ದೂಲ ಮೇಲೆ ಬಂದಾಗ ಹಲಗೆ ಮೇಲೆ ಕಾಲಿಡೋದು, ಮತ್ತೆ ಬಂದಾಗ ಮುಂದಿನ ಮೆಟ್ಟಿಲು ಹತ್ತೋದು. ದಿನದ ದುಡಿಮೆ ಮುಗಿಸಿ ಹೀಗೆ ಹೆಜ್ಜೆ ಬದಲಿಸುತ್ತಾ ನೂರಾರು ಅಡಿ ಏರಬೇಕಿತ್ತು. 1919ರ ಅಕ್ಟೋಬರ್ 20ರಂದು, ಶಿಫ್ಟ್ ಮುಗಿಸಿದವರು ಮೇಲೆ ಬರ್ತಿರುವಾಗ, ದೂಲವನ್ನ ಇಂಜಿನ್ನಿಗೆ ಹಿಡಿದಿಟ್ಟ ಜೋಡಣೆ ತುದಿಯಲ್ಲೇ ಮುರಿದು ಎಲ್ಲ ಕುಸಿಯಿತು. 31 ಜನ ಸತ್ತರು. ಆ ಶಾಫ್ಟ್ ಬಾಯಿಯ ಹತ್ತಿರಕ್ಕೆ ಹೋಗೋಕೆ ಸುರಂಗದ ದಾರಿ ಇದೆ, ಆದರೆ ಸುರುಳಿ ಮೆಟ್ಟಿಲು ಇಳೀಬೇಕು. ಅಮ್ಮನವರು ಮೇಲೇ ಇರಲಿ.

ಪೆನ್ವಿತ್ ನಡಿಗೆ

ಗಣಿಯೊಳಗೆ ಇಳಿಯೋ ವಿಷಯ ಮರೆತೆ. ಅದಕ್ಕೆ ಗೀವರ್‌ಗೆ ಹೋಗಿ, ಪೆಂಡೀನ್ ಹಳ್ಳಿಯಲ್ಲಿದೆ. ಲೆವೆಂಟ್‌ನಿಂದ ಕಡಲ ದಾರಿಯಲ್ಲಿ ಕಾಲ್ನಡಿಗೆಯಷ್ಟು ಹತ್ತಿರ, ಕಾರಿನಲ್ಲೂ ಹೋಗಬಹುದು. 1911ರಲ್ಲಿ ಕಂಪನಿ ಆಗಿ 1990ರವರೆಗೆ ತವರ ತೆಗೆದ ಗಣಿ. ಪ್ರವಾಸಿಗಳನ್ನ ಕರ್ಕೊಂಡು ಹೋಗೋದು ಶಾಫ್ಟ್ ಕೆಳಗಲ್ಲ, ‘ವೀಲ್ ಮೆಕ್ಸಿಕೊ’ ಅನ್ನೋ 18ನೇ ಶತಮಾನದ ಹಳೇ ಸುರಂಗಕ್ಕೆ. ಹೆಲ್ಮೆಟ್ ಕೊಡ್ತಾರೆ. ಛಾವಣಿ ತಗ್ಗು, ಬಗ್ಗಿ ನಡೀಬೇಕು, ನೆಲ ಒದ್ದೆ. ನಿಮ್ಮ ತಂದೆಯವರಿಗೆ ಇದೇನು ಹೊಸದಲ್ಲ.

ನನ್ನ ಮಟ್ಟಿಗೆ ಗೀವರ್‌ನ ಜೀವಾಳ ‘ಡ್ರೈ’. ಕೆಲಸಗಾರರು ಸ್ನಾನ ಮಾಡಿ ಬಟ್ಟೆ ಬದಲಿಸ್ತಿದ್ದ ಕಟ್ಟಡ ಅದು. ಕೊನೆಯ ಶಿಫ್ಟ್ ಮುಗಿದಾಗ ಹೇಗಿತ್ತೋ ಹಾಗೇ ಬಿಟ್ಟಿದ್ದಾರೆ. ಲಾಕರ್‌ಗಳು, ಬೂಟುಗಳು, ನೇತುಹಾಕಿದ ಮೇಲಂಗಿಗಳು. ಯಾವ ಫಲಕವೂ ಬೇಕಾಗಲ್ಲ. ವಿಕ್ಟರಿ ಶಾಫ್ಟ್‌ನ ವೈಂಡರ್ ಮನೆಯೂ ನೋಡಲು ತೆರೆದಿದೆ. ಕೆಲವು ವಾರದ ದಿನ ರಜೆ, ಮೊದಲೇ ನೋಡಿಕೊಳ್ಳಿ.

ದೂರದ ಬೆಟ್ಟ

ಇಷ್ಟು ದೂರ ಹೋಗಿ ಲ್ಯಾಂಡ್ಸ್ ಎಂಡ್ ಬಿಟ್ಟು ಬರೋದಾ? ನಾವು ಹೋಗಿದ್ದಾಗ ನಮ್ಮತ್ತೆ ಮಾವನಿಗೆ ಅದೇ ಹೆಚ್ಚು ಇಷ್ಟ ಆಯ್ತು. ದೇಶದ ತುದಿಯಲ್ಲಿ ನಿಂತ ಅನುಭವವೇ ಬೇರೆ. ಲಾಂಗ್‌ಶಿಪ್ಸ್ ದೀಪಸ್ತಂಭ ಕಾಣುತ್ತೆ, ದಾರಿ ಸಮತಟ್ಟು, ಶೌಚಾಲಯ ಇದೆ. ವಯಸ್ಸಾದವರಿಗೆ ಇವೆಲ್ಲ ಮುಖ್ಯ. ಗಣಿ ಗಣಿ ಅಂತ ಬರೀ ಕುಸಿದ ಗೋಡೆ ತೋರಿಸಿದರೆ ಅಮ್ಮನವರಿಗೆ ಬೇಜಾರಾಗಲ್ವಾ?

ಪೆನ್ವಿತ್ ನಡಿಗೆ

ಶೌಚಾಲಯದ ಮಾತು ನಿಜ, ಒಪ್ಪಿದೆ. ಆದರೆ ಅದು ಖಾಸಗಿ ಜಾಗ. ಅಂಗಡಿ, ಆಟ, ದುಡ್ಡು ಕೊಟ್ಟು ತೆಗೆಸಿಕೊಳ್ಳೋ ಕೈಕಂಬದ ಫೋಟೊ, ಇದರಲ್ಲೇ ಹೊತ್ತು ಹೋಗುತ್ತೆ. ಅದೇ ಕಡಲು, ಅದೇ ಬಂಡೆ ಬೇಕಿದ್ದರೆ ಕೇಪ್ ಕಾರ್ನ್‌ವಾಲ್ ಇದೆ, ಸೇಂಟ್ ಜಸ್ಟ್‌ನಿಂದ ತುಸು ದೂರ. ಕಡಲಿಗೆ ಚಾಚಿದ ಗುಡ್ಡದ ನೆತ್ತಿಯಲ್ಲಿ ಒಂದೇ ಒಂದು ಚಿಮಣಿ. 1864ರಲ್ಲಿ ಅಲ್ಲಿನ ಗಣಿಗೆ ಕಟ್ಟಿದ್ದು. ಗಣಿ ಹೋಯ್ತು, ಹಡಗಿನವರಿಗೆ ಗುರುತಾಗಿ ಚಿಮಣಿ ಉಳೀತು. 1987ರಲ್ಲಿ ಹೈಂಜ್ ಕಂಪನಿ ಜಾಗ ಕೊಂಡು ದೇಶಕ್ಕೆ ಕೊಟ್ಟಿತು. ಕಾರು ನಿಲ್ಲಿಸೋ ಜಾಗದಿಂದಲೇ ನೋಟ ಸಿಗುತ್ತೆ, ಅಮ್ಮನವರು ಗುಡ್ಡ ಹತ್ತಬೇಕಿಲ್ಲ. ಲ್ಯಾಂಡ್ಸ್ ಎಂಡ್ ಕೂಡ ಅಲ್ಲಿಂದ ಕಾಣುತ್ತೆ.

ಹಟ್ಟಿ ಕಲ್ಲು

ನಾನು ಹಟ್ಟಿ ಚಿನ್ನದ ಗಣಿಯ ಭೂವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡಿದವನು. ಕಾರ್ನ್‌ವಾಲ್‌ಗೆ ಹೋಗಿ ನೋಡಿದ್ದೇನೆ. ಈ ಕರಾವಳಿ ಏಕೆ ಹೀಗಿದೆ ಎಂದು ಹೇಳಿದರೆ ನೋಡುವ ಕಣ್ಣು ಬದಲಾಗುತ್ತದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಸೇಂಟ್ ಜಸ್ಟ್ ಬಳಿ ಗ್ರಾನೈಟ್ ಮತ್ತು ಹಳೆಯ ಜೇಡಿಶಿಲೆ ಸೇರುವ ಗಡಿ ಹೆಚ್ಚುಕಡಿಮೆ ಕಡಲಂಚಿನಲ್ಲೇ ಸಾಗುತ್ತದೆ. ಗ್ರಾನೈಟ್ ಬಿಸಿಯಾಗಿ ಮೇಲೆದ್ದು ತಣಿಯುವಾಗ ಬಿರುಕುಗಳಲ್ಲಿ ತವರ, ತಾಮ್ರ, ಆರ್ಸೆನಿಕ್ ಹೊತ್ತ ದ್ರವ ಹರಿದು ಅದಿರಿನ ಎಳೆಗಳಾದವು. ಆ ಎಳೆಗಳು ದಡಕ್ಕೆ ಅಡ್ಡಲಾಗಿ, ನೇರವಾಗಿ ಸಮುದ್ರದ ಕಡೆಗೆ ಸಾಗುತ್ತವೆ. ಆದ್ದರಿಂದ ಗಣಿಯವರು ಬಂಡೆಯ ಬುಡದಲ್ಲೇ ಇಂಜಿನ್ ಮನೆ ಕಟ್ಟಿ, ಎಳೆಯನ್ನು ಹಿಂಬಾಲಿಸುತ್ತಾ ಕಡಲ ತಳದಡಿ ಹೋದರು.

ಸೇಂಟ್ ಜಸ್ಟ್ ಬಳಿಯ ಬೊಟಾಲಕ್ ಗಣಿಯ ‘ಕ್ರೌನ್ಸ್’ ಇಂಜಿನ್ ಮನೆಗಳು ಇದರ ಕಣ್ಣಿಗೆ ಕಟ್ಟುವ ಸಾಕ್ಷಿ. ಕೆಳಗಿನದು ನೀರೆತ್ತಲು 1835ರಲ್ಲಿ ಕಟ್ಟಿದ್ದು, ಅಲೆಯ ಸಿಂಚನ ಗೋಡೆಗೆ ತಾಗುತ್ತದೆ. ಮೇಲಿನದು 1860ರ ದಶಕದ್ದು, ಬಾಸ್ಕಾವೆನ್ ಎಂಬ ಓರೆ ಶಾಫ್ಟಿನಿಂದ ಬಂಡಿ ಎಳೆಯಲು ಕಟ್ಟಿದ್ದು. ಆ ಶಾಫ್ಟು ಸಮುದ್ರದಡಿಗೆ ಸುಮಾರು ಅರ್ಧ ಮೈಲಿಯವರೆಗಿನ ಕೆಲಸದ ಜಾಗಗಳಿಗೆ ದಾರಿ. 1863ರಲ್ಲಿ ಬಂಡಿಯ ಸರಪಳಿ ಕಿತ್ತು ಎಂಟು ಗಂಡಸರೂ ಒಬ್ಬ ಹುಡುಗನೂ ಸತ್ತರು. ಎರಡು ವರ್ಷದ ಮೇಲೆ ವೇಲ್ಸ್‌ನ ರಾಜಕುಮಾರ ಮತ್ತು ರಾಜಕುಮಾರಿ ಅದೇ ಶಾಫ್ಟಿನಲ್ಲಿ ಇಳಿದು ನೋಡಿ ಬಂದರು. ಬಿರುಗಾಳಿಯ ದಿನ ತಲೆಯ ಮೇಲೆ ಸಮುದ್ರದ ತಳದಲ್ಲಿ ಬಂಡೆಗಳು ಉರುಳಾಡುವ ಸದ್ದು ಒಳಗಿನವರಿಗೆ ಕೇಳಿಸುತ್ತಿತ್ತಂತೆ. ಭೂಮಿಯೊಳಗೆ ಕೆಲಸ ಮಾಡಿದ ಯಾರಿಗಾದರೂ ಆ ಮಾತು ಎದೆಗೆ ತಾಗುತ್ತದೆ. ನನಗೆ ತಾಗಿದೆ.

ಕಾರು ನಿಲ್ಲಿಸಿ ಸ್ವಲ್ಪವೇ ನಡೆದರೆ ಮೇಲಿನಿಂದ ಎರಡೂ ಕಾಣುತ್ತವೆ. ಕೆಳಗಿಳಿಯುವ ದಾರಿ ಕಡಿದು. ಪಕ್ಕದಲ್ಲೇ ಆರ್ಸೆನಿಕ್ ಕಾರ್ಖಾನೆಯ ಅವಶೇಷ ಇದೆ. ಅದಿರು ಹುರಿದ ಹೊಗೆಯನ್ನು ಅಂಕುಡೊಂಕಿನ ಕಲ್ಲಿನ ಓಣಿಗಳಲ್ಲಿ ಹಾಯಿಸಿ, ಗೋಡೆಗೆ ಕಟ್ಟಿದ ಬಿಳಿ ಪುಡಿಯನ್ನು ಕೆರೆದು ತೆಗೆಯುತ್ತಿದ್ದರು. ಮೂಗಿಗೆ ಹತ್ತಿ, ಮೈಗೆ ಜೇಡಿಮಣ್ಣು. ಅವರಿಗಿದ್ದ ರಕ್ಷಣೆ ಅಷ್ಟೇ. ಆ ಗೋಡೆಗಳನ್ನು ಮುಟ್ಟಬೇಡಿ.

ಮಾರಿಕುಪ್ಪಂ ಲೈನ್

ಚರ್ಚೆ ಚೆನ್ನಾಗಿದೆ. ಒಂದು ಮಾತು ಸೇರಿಸಲೇಬೇಕು. ಕೆಜಿಎಫ್ ಅಂದ ಕೂಡಲೇ ‘ಕಾರ್ನಿಷ್‌ನವರು ಕಟ್ಟಿದ್ದು’ ಅಂತಾರೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲಿಷ್ ಗಣಿ ಕಂಪನಿ ಬಂದದ್ದು ನಿಜ. ದುಡ್ಡು ಮುಗೀತಾ ಬಂದಾಗ ಕ್ಯಾಪ್ಟನ್ ಪ್ಲಮ್ಮರ್ ಹಳೇ ಗುಂಡಿಗಳನ್ನ ಹಿಡಿದು ಆಳಕ್ಕೆ ಹೋಗಿ ಚಾಂಪಿಯನ್ ಅನ್ನೋ ಚಿನ್ನದ ಎಳೆ ಸಿಕ್ಕಿದ್ದೂ ನಿಜ. ಆ ‘ಹಳೇ ಗುಂಡಿ’ ಯಾರು ತೋಡಿದ್ದು? ನಮ್ಮ ನೆಲದವರು, ನೂರಾರು ವರ್ಷ ಮೊದಲು. ಆಮೇಲೆ ಮೂರು ಕಿಲೊಮೀಟರಿಗೂ ಹೆಚ್ಚು ಆಳದ ಬೇಗೆಯಲ್ಲಿ ಬಂಡೆ ಕೊರೆದವರು ಆರ್ಕಾಟು, ಚಿತ್ತೂರು, ಕೋಲಾರದ ಕಡೆಯ ಬಡವರು, ಬಹಳಷ್ಟು ದಲಿತ ಕುಟುಂಬಗಳು. ಸಾಹೇಬರಿಗೆ ಬಂಗಲೆ, ಕ್ಲಬ್ಬು. ನಮ್ಮವರಿಗೆ ತಟ್ಟಿ ಗುಡಿಸಲ ಲೈನು. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಿ ಅಂದಾಗ ಇಡೀ ಗಣಿ ಮುಷ್ಕರಕ್ಕೆ ಕೂತು ಆ ಪದ್ಧತಿಯನ್ನ ತಡೆದರು. ನಮ್ಮಜ್ಜ ಏರ್‌ಬ್ಲಾಸ್ಟ್ (ಆಳದ ಒತ್ತಡಕ್ಕೆ ಬಂಡೆ ಸಿಡಿಯೋದು) ಆದ ದಿನ ಅಂಡರ್‌ಗ್ರೌಂಡ್‌ನಲ್ಲಿದ್ದವರು. ನೆಲ ಅದುರಿದ ಮೇಲೆ ಶಾಫ್ಟ್ ಹತ್ತಿರ ಕಾದು ನಿಂತ ಹೆಂಗಸರನ್ನ ಅವರು ಸಾಯೋವರೆಗೂ ನೆನೀತಿದ್ದರು. ಕಾರ್ನ್‌ವಾಲ್ ತೋರಿಸಿ, ಖಂಡಿತ ತೋರಿಸಿ. ಆದರೆ ನಿಮ್ಮ ತಂದೆ ಆ ಕಥೆಯಲ್ಲಿ ಅತಿಥಿ ಅಲ್ಲ, ಸರಿಸಮಾನ ಪಾಲುದಾರರು.

ಹಟ್ಟಿ ಕಲ್ಲು

ನೂರಕ್ಕೆ ನೂರು ಸರಿ. ಹಾಗೆಯೇ ಸೇಂಟ್ ಜಸ್ಟ್‌ನ ಸಾಮಾನ್ಯ ಗಣಿಗಾರನೂ ಸಾಹೇಬನಾಗಿರಲಿಲ್ಲ. 19ನೇ ಶತಮಾನದ ಎರಡನೇ ಅರ್ಧದಲ್ಲಿ ತಾಮ್ರದ ಬೆಲೆ ಬಿದ್ದಾಗ ಊರಿಗೆ ಊರೇ ಹೊಟ್ಟೆಪಾಡಿಗೆ ಹೊರಟಿತು. ಆಸ್ಟ್ರೇಲಿಯಾ, ಮಿಚಿಗನ್, ದಕ್ಷಿಣ ಆಫ್ರಿಕ, ಕೋಲಾರ. ಆಫ್ರಿಕದಲ್ಲಿ ಡ್ರಿಲ್ ಹಿಡಿದು ದೂಳು ಕುಡಿದವರು ಶ್ವಾಸಕೋಶದ ರೋಗ ಹೊತ್ತು ಕ್ಯಾಂಬೋರ್ನ್‌ಗೆ ಮರಳಿ ಚಿಕ್ಕ ವಯಸ್ಸಿನಲ್ಲೇ ಸತ್ತರು. ಗಣಿಯ ಬಳಿ ಅದಿರು ಒಡೆಯುವ ಹೆಣ್ಣಾಳುಗಳಿದ್ದರು, ‘ಬಾಲ್ ಮೇಡನ್’ ಎಂದು ಕರೆಯುತ್ತಿದ್ದರು. ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಿಂದ ಸುತ್ತಿಗೆ ಹಿಡಿದು ಬಯಲಲ್ಲಿ ಗಾಳಿಮಳೆಗೆ ಕಲ್ಲು ಕುಟ್ಟಿದವರು. ಮಾರಿಕುಪ್ಪಂನ ಕೆಲಸಗಾರನಿಗೂ ಪೆಂಡೀನ್‌ನ ಕೆಲಸಗಾರನಿಗೂ ಮಾತಾಡಿಕೊಳ್ಳಲು ಬಹಳ ಇತ್ತು. ಬಣ್ಣ, ಬಂಗಲೆ, ಸಂಬಳ ಅಡ್ಡ ಬಂದವು.

ಚಾಂಪಿಯನ್‌ರೀಫ್ ಮಗಳು

ಎಲ್ಲರಿಗೂ ಕೈಮುಗಿದೆ. ಅಪ್ಪನಿಗೆ ಫೋನ್ ಮಾಡಿ ಮ್ಯಾನ್ ಇಂಜಿನ್ ಬಗ್ಗೆ ಓದಿ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: “ಮೇಲೆ ಇಂಜಿನ್ ಹತ್ರ ಇದ್ದವನು ಯಾರಮ್ಮ, ಅವನಿಗೇನಾಯ್ತು?” ಅಪ್ಪ ಯಾವತ್ತೂ ಹಾಗೇ. ಕೇಜ್ ಒಳಗಿನ ಅಷ್ಟೂ ಜನರ ಜೀವ ತಮ್ಮ ಕೈಲಿದೆ ಅಂತ ಕೇಜ್ ಎಷ್ಟು ಆಳದಲ್ಲಿದೆ ಅಂತ ತೋರಿಸೋ ಡೆಪ್ತ್ ಇಂಡಿಕೇಟರ್‌ನಿಂದ ಕಣ್ಣು ತೆಗೀತಿರಲಿಲ್ಲವಂತೆ, ಕೇಜ್ ಇಳಿಸು ಏರಿಸು ಅಂತ ಸೂಚಿಸೋ ಬೆಲ್ ತಪ್ಪಾಗಿ ಕೇಳಿಸಿತೇನೋ ಅನ್ನೋ ಕನಸು ಈಗಲೂ ಬೀಳುತ್ತೆ ಅಂತಾರೆ.

ಮಾರಿಕುಪ್ಪಂ ಲೈನ್ ಅವರೇ, ನೀವು ಬರೆದದ್ದನ್ನೂ ಓದಿ ಹೇಳಿದೆ. “ಬರೆದವರಿಗೆ ನನ್ನ ನಮಸ್ಕಾರ ಹೇಳು” ಅಂದರು.

ಇನ್ನೊಂದು ಪ್ರಶ್ನೆ. ತಾತ ಹೇಳ್ತಿದ್ದ ಕ್ಯಾಪ್ಟನ್‌ಗಳ ಬಗ್ಗೆ ಹುಡುಕೋಕೆ ಅಲ್ಲಿ ಎಲ್ಲಾದರೂ ದಾಖಲೆ ಸಿಗುತ್ತಾ?

ಪೆನ್ವಿತ್ ನಡಿಗೆ

ರೆಡ್ರೂತ್‌ನಲ್ಲಿ ‘ಕ್ರೆಸೆನ್ ಕೆರ್ನೊ’ ಇದೆ. ಹಳೇ ಬ್ರೂವರಿ ಕಟ್ಟಡದಲ್ಲಿ 2019ರಲ್ಲಿ ತೆರೆದ ಕಾರ್ನ್‌ವಾಲ್ ದಾಖಲೆಗಳ ಭಂಡಾರ. ಮೊದಲೇ ಬರೆದು ಹೆಸರು, ಊರು, ಕಾಲ ಕೊಟ್ಟರೆ ಹುಡುಕಲು ದಾರಿ ತೋರಿಸ್ತಾರೆ. ನಿಮ್ಮ ದಾರಿಯಲ್ಲೇ ಸಿಗುತ್ತೆ.

ಅದೇ ದಾರಿಯಲ್ಲಿ ಇನ್ನೊಂದು ಜಾಗ, ಸೇಂಟ್ ಆಗ್ನೆಸ್ ಹತ್ತಿರದ ವೀಲ್ ಕೋಟ್ಸ್. ಬಂಡೆಯ ನಡುವಿನ ಚಾಚಿನಲ್ಲಿ 1872ರ ನೀರೆತ್ತುವ ಇಂಜಿನ್ ಮನೆ, ಸುತ್ತಲೂ ಆಗಸ್ಟ್‌ನಲ್ಲಿ ನೇರಳೆ ಹಳದಿ ಹೂವಿನ ಪೊದೆಗಳು. ಫೋಟೊಗಳಲ್ಲಿ ಕಾರ್ನ್‌ವಾಲ್ ಅಂತ ಬರೋದು ಹೆಚ್ಚಾಗಿ ಇದೇ. ಕ್ಯಾಂಬೋರ್ನ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ಪ್ರತಿಮೆ ಇದೆ. 1801ರಲ್ಲಿ ಆ ಊರಿನ ಏರು ರಸ್ತೆಯಲ್ಲಿ ಆವಿ ಗಾಡಿಗೆ ಜನರನ್ನ ಹತ್ತಿಸಿ ಓಡಿಸಿದವನು, ಗಣಿ ಕ್ಯಾಪ್ಟನ್ ಮಗ.

ಕುಂದಾಪ್ರದಕ್ಕ

ಅಮ್ಮನ ಬಗ್ಗೆ ಯಾರೂ ಸರಿಯಾಗಿ ಬರೀಲಿಲ್ಲ ನೋಡಿ! ನಾನು ಹೇಳ್ತೆ ತಂಗಿ. ಅಪ್ಪ ಲೆವೆಂಟ್‌ನಲ್ಲಿ ಇಂಜಿನ್ ನೋಡ್ತಾ ನಿಂತರೆ ಅರ್ಧ ದಿನ ಹೋತ್ತ್. ಆ ಹೊತ್ತಿಗೆ ಅಮ್ಮನ್ನ ಗೀವರ್ ಕೆಫೆಯಲ್ಲಿ ಕಿಟಕಿ ಪಕ್ಕ ಕೂರಿಸಿ, ಎದುರಿಗೇ ಕಡಲು. ಪ್ಯಾಸ್ಟಿ ತಿನ್ನಿಸಿ, ನಮ್ಮ ಕರ್ಜಿಕಾಯಿ ಹಾಂಗೆ ಒಳಗೆ ಹೂರಣ ತುಂಬಿ ಬೇಯ್ಸಿದ್ದು. ಕಾರ್ನಿಷ್ ಪ್ಯಾಸ್ಟಿ ಅಂದ್ರೆ ಬೀಫ್ ಇರ್ತದೆ, ಕೇಳದೇ ತಗೊಳ್ಬೇಡಿ. ಚೀಸ್ ಈರುಳ್ಳಿದು ಹೆಚ್ಚಿನ ಅಂಗಡಿಯಲ್ಲಿ ಸಿಗ್ತದೆ. ಗಣಿಗೆ ಹೋಗುವವರ ಬುತ್ತಿ ಅದು, ಬಿಸಿ ಬೇಗ ಆರುದಿಲ್ಲ.

ಸೇಂಟ್ ಮೈಕಲ್ಸ್ ಮೌಂಟ್ ದ್ವೀಪಕ್ಕೆ ಇಳಿತದ ಹೊತ್ತಿಗೆ ಕಲ್ಲುಹಾಸಿನ ದಾರಿಯಲ್ಲಿ ನಡೆದೇ ಹೋಪದು, ಭರತ ಬಂದರೆ ದೋಣಿ. ಹೊತ್ತು ನೋಡಿ ಹೊರಡಿ. ಕೋಟೆಗೆ ಹತ್ತುವ ದಾರಿ ಉರುಟು ಕಲ್ಲು, ಮಂಡಿಗೆ ಆಪ್ದಲ್ಲ, ಕೆಳಗಿನ ಬಂದರು, ಅಂಗಳ ಸಾಕು. ಮಿನಾಕ್ ರಂಗಮಂದಿರಕ್ಕೆ ಖಂಡಿತ ಹೋಯ್ನಿ. ರೋವೀನಾ ಕೇಡ್ ಎಂಬ ಹೆಂಗಸು ತೋಟದ ಆಳುಗಳನ್ನ ಕಟ್ಟಿಕೊಂಡು, ಕಡಲಿನ ಮೇಲಿನ ಬಂಡೆಯನ್ನ ತಾನೇ ಕೈಯಾರೆ ಕೆತ್ತಿ ಮೆಟ್ಟಿಲು ಮಾಡಿದ್ದು. 1932ರಲ್ಲಿ ಮೊದಲ ನಾಟಕ, ಮುದುಕಿಯಾದ ಮೇಲೂ ಸಿಮೆಂಟು ಕಲಸುದು ಬಿಡ್ಲಿಲ್ಲ. ಅಮ್ಮ ಮೇಲಿನಿಂದಲೇ ನೋಡ್ಲಿ, ಮೆಟ್ಟಿಲು ಕಡಿದು.

ದೂರದ ಬೆಟ್ಟ

ಮಿನಾಕ್ ಪಕ್ಕದಲ್ಲೇ ಪೋರ್ತ್‌ಕರ್ನೊ ತಂತಿ ಮ್ಯೂಸಿಯಂ ಇದೆ, ಮಳೆ ಬಂದರೆ ಅಲ್ಲಿಗೆ ಹೋಗಿ. ಅದೂ ನಮಗೆ ಸಂಬಂಧಪಟ್ಟದ್ದೇ. 1870ರಲ್ಲಿ ಮುಂಬೈಯಿಂದ ಹೊರಟ ಸಮುದ್ರದಡಿಯ ತಂತಿ ಸಾಲು ಆ ಪುಟ್ಟ ಮರಳು ದಂಡೆಯಲ್ಲೇ ದಡ ಸೇರಿದ್ದು. ಎರಡನೇ ಮಹಾಯುದ್ಧದಲ್ಲಿ ತಂತಿ ಕಚೇರಿಯನ್ನ ಬಾಂಬಿನಿಂದ ಉಳಿಸೋಕೆ ಬಂಡೆಯೊಳಗೆ ಸುರಂಗ ಕೊರೆದರು, ಆ ಕೆಲಸಕ್ಕೆ ಅಲ್ಲಿನ ತವರ ಗಣಿಯವರನ್ನೇ ಕರೆದರು. ಈಗ ಮ್ಯೂಸಿಯಂ ಆ ಸುರಂಗದಲ್ಲೇ ಇದೆ, ನೆಲ ಸಮತಟ್ಟು.

ಪೆನ್ವಿತ್ ಅವರ ಮಾತು ಕೇಳಿ ಕೇಪ್ ಕಾರ್ನ್‌ವಾಲ್ ಫೋಟೊ ನೋಡಿದೆ. ಮುಂದಿನ ಸಲ ನಾವೂ ಅಲ್ಲಿಗೇ ಹೋಗ್ತೀವಿ.

ಮಾರಿಕುಪ್ಪಂ ಲೈನ್

ಗೀವರ್ ಬಗ್ಗೆ ಓದಿದಾಗಿನಿಂದ ನಿದ್ದೆ ಬರ್ತಿಲ್ಲ. 1985ರಲ್ಲಿ ತವರದ ಬೆಲೆ ಅರ್ಧಕ್ಕಿಂತ ಕೆಳಗೆ ಕುಸೀತು, 1990ರಲ್ಲಿ ಗಣಿ ಮುಚ್ಚಿತು, 1991ರಲ್ಲಿ ಪಂಪು ನಿಲ್ಲಿಸಿದರು, ನೀರು ತುಂಬಿತು. ಇಲ್ಲಿವರೆಗೆ ಅವರ ಕಥೆ, ನಮ್ಮ ಕಥೆ ಒಂದೇ. ಆಮೇಲೆ ನೋಡಿ. 1992ರಲ್ಲಿ ಕೌಂಟಿ ಕೌನ್ಸಿಲ್ ಜಾಗ ಕೊಂಡಿತು, 1993ರಲ್ಲಿ ಮ್ಯೂಸಿಯಂ ಬಾಗಿಲು ತೆರೀತು, 2001ರಿಂದ ಊರಿನವರ ಸಂಸ್ಥೆಯೇ ನಡೆಸ್ತಿದೆ. 2006ರಲ್ಲಿ ಇಡೀ ಗಣಿ ಸೀಮೆ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮೆಕ್ಸಿಕೊದ ರಿಯಲ್ ಡೆಲ್ ಮಾಂಟೆಯಲ್ಲಿ ಕೆಜಿಎಫ್‌ಗೆ ಬಂದ ಆ ಟೇಲರ್ ಕಂಪನಿಯ ಹಿರಿಯ ಜಾನ್ ಟೇಲರ್ 1824ರಲ್ಲಿ ಗಣಿ ಹಿಡಿದಿದ್ದ. ಇವತ್ತು ಆ ಊರು ಪ್ಯಾಸ್ಟಿಯನ್ನ ತಮ್ಮದೇ ಖಾರ ಹಾಕಿ ಮಾರುತ್ತೆ, ಕಾರ್ನಿಷ್ ಸಮಾಧಿಗಳನ್ನ ಜೋಪಾನ ಮಾಡಿದೆ, ಗಣಿ ಮ್ಯೂಸಿಯಂ ನಡೆಸುತ್ತೆ.

ನಮ್ಮಲ್ಲೇನು ಕಡಿಮೆ? 1902ರಲ್ಲೇ ಶಿವನಸಮುದ್ರದಿಂದ 147 ಕಿಲೊಮೀಟರ್ ವಿದ್ಯುತ್ ತಂತಿ ಎಳೆದು ಗಣಿ ನಡೆಸಿದ ಊರು. ಶಾಫ್ಟ್ ಗೋಪುರಗಳಿವೆ, ವೈಂಡರ್ ಮನೆಗಳಿವೆ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳಿವೆ. ದಿಬ್ಬದಿಂದ ಮತ್ತೆ ಚಿನ್ನ ತೆಗೆಯೋ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಕೆಲಸ ಬರಲಿ, ಯಾರು ಬೇಡ ಅಂತಾರೆ, ನಮ್ಮ ಹುಡುಗರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋಗ್ತಿದ್ದಾರೆ. ಆದರೆ ಒಂದು ವೈಂಡರ್ ಮನೆಯನ್ನಾದರೂ ಎಣ್ಣೆ ಹಾಕಿ, ಬಾಗಿಲು ತೆರೆದು, ಇದನ್ನ ಓಡಿಸಿದವರ ಬಾಯಲ್ಲೇ ಹೇಳಿಸೋ ಕೆಲಸ ಈಗಲೇ ಆಗಬೇಕು. ಓಡಿಸಿದವರಿಗೆ ವಯಸ್ಸಾಗ್ತಿದೆ. ಮೇಡಂ, ನಿಮ್ಮ ತಂದೆಯವರನ್ನ ಲೆವೆಂಟ್‌ನ ಇಂಜಿನ್ ಪಕ್ಕ ನಿಲ್ಲಿಸಿ, ಇದಕ್ಕೂ ನಮ್ಮ ವೈಂಡರ್‌ಗೂ ಏನು ವ್ಯತ್ಯಾಸ ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೆಲ್‌ಗಳ ಲೆಕ್ಕ, ಬ್ರೇಕ್ ಹಿಡಿಯೋ ರೀತಿ, ಎಲ್ಲ. ನಮ್ಮ ಹತ್ತಿರ ಅಂಥದ್ದು ಬರವಣಿಗೆಯಲ್ಲಿ ಎಲ್ಲಿದೆ?

ಚಾಂಪಿಯನ್‌ರೀಫ್ ಮಗಳು

ಖಂಡಿತ ಮಾಡ್ತೀನಿ. ಅಪ್ಪನ ಜೊತೆಯವರು ಇನ್ನೂ ಕೆಲವರು ರಾಬರ್ಟ್‌ಸನ್‌ಪೇಟೆಯಲ್ಲಿದ್ದಾರೆ, ಊರಿಗೆ ಹೋದಾಗ ಅವರನ್ನೂ ಕೂರಿಸಿ ಕೇಳ್ತೀನಿ. ನೀವೂ ಜೊತೆಗೆ ಬಂದರೆ ಒಳ್ಳೇದು, ಅಂಡರ್‌ಗ್ರೌಂಡ್ ಕಡೆಯ ಪ್ರಶ್ನೆ ನನಗೆ ಕೇಳೋಕೆ ಬರಲ್ಲ.

ಹಟ್ಟಿ ಕಲ್ಲು

ಪ್ರಶ್ನೆಗಳ ಒಂದು ಪಟ್ಟಿ ನಾನು ಬರೆದು ಕಳಿಸುತ್ತೇನೆ. ಕನ್ನಡ, ತಮಿಳು ಎರಡರಲ್ಲೂ ಇರಲಿ, ಅಲ್ಲಿನ ಹೆಚ್ಚಿನವರು ಮನಬಿಚ್ಚಿ ಮಾತಾಡುವುದು ತಮಿಳಿನಲ್ಲಿ.

ಕಾರ್ನ್‌ವಾಲ್ ಬಗ್ಗೆ ಒಂದು ಎಚ್ಚರಿಕೆ. ಕಡಲಿಂದ ಮಂಜು ಬಂದರೆ ಸ್ವಲ್ಪ ಹೊತ್ತಿನಲ್ಲೇ ಎದುರಿನ ಕಟ್ಟಡ ಕಾಣದಂತಾಗುತ್ತದೆ. ಗುರುತು ಹಾಕಿದ ಕಾಲುದಾರಿ ಬಿಟ್ಟು ಪೊದೆಗಳ ಕಡೆ ಕಾಲಿಡಬೇಡಿ, ಹಳೆಯ ಶಾಫ್ಟ್‌ಗಳ ಬಾಯಿ ಅಲ್ಲಲ್ಲಿ ಇವೆ. ಸುತ್ತ ಕಲ್ಲಿನ ಗೋಡೆ ಕಟ್ಟಿರುವುದು ಕಂಡರೆ ಅದು ಅದಕ್ಕೇ. ಮೇಲೆ ಹತ್ತಿ ಇಣುಕಬೇಡಿ.

ಪೆನ್ವಿತ್ ನಡಿಗೆ

ಇಂಜಿನ್‌ಗೆ ಆವಿ ಹಾಕೋ ದಿನ ಖಚಿತ ಆದ ಮೇಲೆ ಇಲ್ಲೇ ಬರೀರಿ ಮೇಡಂ. ನಾವಿರೋದು ಟ್ರೂರೊ ಹತ್ತಿರ, ಆ ದಿನ ನಾನೂ ಬರ್ತೀನಿ. ಅಮ್ಮನವರ ಜೊತೆ ನನ್ನ ಹೆಂಡತಿ ಇರ್ತಾಳೆ, ನೀವು ನಿಶ್ಚಿಂತೆಯಾಗಿ ತಂದೆಯವರ ಜೊತೆ ಸುರುಳಿ ಮೆಟ್ಟಿಲು ಇಳೀರಿ. ಚಿತ್ರಾನ್ನ, ಮೊಸರನ್ನ ನಮ್ಮ ಮನೆಯಿಂದ ತರ್ತೀವಿ.